ಭಾನುವಾರದ ಬಿಡುವಿಗೆ ಶನಿವಾರದ ಅಡುಗೆ

ಮುಂಬೈ ಸುತ್ತಲಿನ ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ಕ್ರೈಸ್ತ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಏನು ನಡೆಯುತ್ತಿರುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲೆ ಕುಕ್ಕರ್, ಮಿಕ್ಸಿಯಲ್ಲಿ ಕೋಳಿಯ ಮಸಾಲೆ, ಬಾತ್‌ರೂಮಿನಲ್ಲಿ ವಾರದ ಬಟ್ಟೆ. ಮಾರ್ಕೆಟ್ಟಿನಿಂದ ಬಂದ ಬಂಗುಡೆ ಸಿಂಕಿನಲ್ಲಿ ಬಿದ್ದಿದೆ, ಮಗನ ಸಾಕ್ಸ್ ಒಂದೇ ಸಿಕ್ಕಿದೆ, ಒಂಬತ್ತರ ಆರಾಧನೆಗೆ ಹೊರಡಲು ಎಂಟು ಹತ್ತರ ಲೋಕಲ್ ಹಿಡಿಯಬೇಕು. ಚರ್ಚಿನಲ್ಲಿ ಕುಳಿತ ಮೇಲೆ ಮನೆಯಾಕೆಗೆ ಪ್ರಸಂಗಕ್ಕಿಂತ ಮೊದಲು ನಿದ್ದೆ ಬರುತ್ತದೆ. ಇದನ್ನು ನಾವು ಕರ್ತನ ದಿನ ಅನ್ನುತ್ತೇವೆ.

ಸಬ್ಬತ್ತಿನ, ಅಂದರೆ ವಾರಕ್ಕೊಮ್ಮೆ ಇಪ್ಪತ್ತನಾಲ್ಕು ಗಂಟೆ ಕೆಲಸ ನಿಲ್ಲಿಸುವ ವಿಶ್ರಾಂತಿಯ, ಬಗ್ಗೆ ಮಾತಾಡುವಾಗ ಹೆಚ್ಚಿನವರು ಫೋನಿನಿಂದ ಶುರುಮಾಡುತ್ತಾರೆ. ಫೋನ್ ಆಮೇಲೆ ನೋಡಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ವಿಶ್ರಾಂತಿ ಮುರಿಯುವುದು ಅಡುಗೆಮನೆಯಲ್ಲಿ. ಬೈಬಲಿನ ವಿಮೋಚನಕಾಂಡ 20ರಲ್ಲಿ ಯಾರು ಯಾರು ಕೆಲಸ ನಿಲ್ಲಿಸಬೇಕು ಅನ್ನುವ ಪಟ್ಟಿ ಇದೆ: ನೀನು, ಮಗ, ಮಗಳು, ಆಳು, ದಾಸಿ, ದನಕರು, ಊರಲ್ಲಿರುವ ಪರದೇಶಿ. ಹೆಂಡತಿಯ ಹೆಸರು ಬೇರೆಯಾಗಿ ಇಲ್ಲ. ‘ನೀನು’ ಅನ್ನುವ ಮಾತಿನಲ್ಲೇ ಅವಳೂ ಸೇರಿದ್ದಾಳೆ ಎಂದು ಓದಬೇಕು. ನಾವು ಮಾತ್ರ ಆ ಒಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ರಜೆ ಕೊಟ್ಟಿದ್ದೇವೆ.

ಯಾವ ಇಪ್ಪತ್ತನಾಲ್ಕು ಗಂಟೆ

ಶನಿವಾರ ಸಂಜೆ ಆರಕ್ಕೆ ಶುರು, ಭಾನುವಾರ ಸಂಜೆ ಆರಕ್ಕೆ ಮುಗಿತಾಯ. ಮುಂಬೈ–ಪುಣೆಯ ಸಂಸಾರಗಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಕಷ್ಟ. ಭಾನುವಾರ ಬೆಳಿಗ್ಗೆ ಶುರುಮಾಡಿ ರಾತ್ರಿ ಮಲಗುವವರೆಗೆ ಎಂದು ಇಟ್ಟುಕೊಂಡರೆ ಎರಡು ಕಡೆ ಸೋಲುತ್ತೀರಿ. ಬೆಳಗ್ಗಿನ ಗಡಿಬಿಡಿ ಹಾಗೇ ಉಳಿಯುತ್ತದೆ. ಸೋಮವಾರ ಏಳು ಗಂಟೆಯ ಸ್ಕೂಲಿಗೆ ಬೇಕಾದ ಯೂನಿಫಾರ್ಮ್, ಡಬ್ಬಿ, ಸಹಿ ಮಾಡದ ಡೈರಿ ಇವೆಲ್ಲ ಭಾನುವಾರ ಸಂಜೆ ನಾಲ್ಕರಿಂದಲೇ ತಲೆಯೊಳಗೆ ಓಡಾಡತೊಡಗುತ್ತವೆ. ಆರಕ್ಕೆ ನಿಲ್ಲಿಸಿದರೆ ಆ ಕೆಲಸಕ್ಕೆ ಒಂದು ಜಾಗ ಸಿಕ್ಕ ಹಾಗಾಯಿತು, ನಡುವೆ ನುಗ್ಗುವುದಿಲ್ಲ. ಸಂಜೆಯಿಂದ ಸಂಜೆಗೆ ದಿನ ಎಣಿಸುವುದು ಬೈಬಲಿನದೇ ಪದ್ಧತಿ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಸಾಯಂಕಾಲ ಮೊದಲು, ಪ್ರಾತಃಕಾಲ ಆಮೇಲೆ.

ಶನಿವಾರವೇ ಸಬ್ಬತ್ ಎಂದು ಆಚರಿಸುವ ಅಡ್ವೆಂಟಿಸ್ಟ್ ಸಭೆಯವರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಹಿಡಿಯುತ್ತಾರೆ. ಪುಣೆಯ ಔಂಧ್‌ನಲ್ಲಿ ಅವರ ಸ್ಪೈಸರ್ ವಿಶ್ವವಿದ್ಯಾಲಯವೇ ಇದೆ. ಅವರ ಮನೆಗಳಲ್ಲಿ ಶುಕ್ರವಾರಕ್ಕೆ ‘ತಯಾರಿಯ ದಿನ’ ಎಂದೇ ಹೆಸರು. ದಿನ ಯಾವುದು ಅನ್ನುವ ವಾದ ನಿಮ್ಮ ಸಭೆಗೆ ಬಿಟ್ಟದ್ದು, ಆದರೆ ತಯಾರಿಗೆ ಒಂದು ದಿನ ಇಡುವ ಶಿಸ್ತನ್ನು ಅವರಿಂದ ಕಲಿಯಲೇಬೇಕು.

ಮೊದಲ ವಾರವೇ ಇಪ್ಪತ್ತನಾಲ್ಕು ಗಂಟೆಗೆ ಹೊರಡಬೇಡಿ. ಮೊದಲ ಮೂರು ವಾರ ಶನಿವಾರ ಆರರಿಂದ ಮಲಗುವವರೆಗೆ ಮಾತ್ರ. ನಾಲ್ಕನೇ ವಾರದಿಂದ ಭಾನುವಾರದ ಊಟದವರೆಗೆ. ಎರಡು ತಿಂಗಳಾದ ಮೇಲೆ ಪೂರ್ತಿ. ಒಮ್ಮೆಗೇ ಶುರುಮಾಡಿದ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಎರಡನೇ ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರಿಗೂ ಬೇಜಾರು, ಸಣ್ಣದಕ್ಕೆಲ್ಲ ಜಗಳ, ಮೂರನೇ ವಾರ ಯಾರೂ ಆ ಮಾತೆತ್ತುವುದಿಲ್ಲ. ಆ ಬೇಜಾರು ಕಾಯಿಲೆಯಲ್ಲ. ವಾರವಿಡೀ ಓಡಿದ ದೇಹ ನಿಂತಾಗ ಹಾಗೇ ಆಗುತ್ತದೆ. ಆ ಹೊತ್ತಿಗೆ ನಿದ್ದೆಯನ್ನೇ ಇಟ್ಟುಕೊಳ್ಳಿ: ಎರಡರಿಂದ ನಾಲ್ಕು, ಪರದೆ ಎಳೆದು, ಮಕ್ಕಳೂ ಸೇರಿ.

ಅಡುಗೆ

ಇಸ್ರಾಯೇಲರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬೀಳುತ್ತಿದ್ದ ಕಾಲದಲ್ಲಿ ಆರನೆಯ ದಿನ ತಲೆಗೆ ಎರಡರಷ್ಟು ಕೂಡಿಸಿಕೊಳ್ಳಿ, ಸುಡುವುದನ್ನು ಸುಡಿ, ಬೇಯಿಸುವುದನ್ನು ಬೇಯಿಸಿ, ಉಳಿದದ್ದನ್ನು ನಾಳೆಗೆ ಇಡಿ ಎಂಬ ಅಪ್ಪಣೆಯಿತ್ತು (ವಿಮೋಚನಕಾಂಡ 16). ಉಳಿದ ದಿನಗಳಲ್ಲಿ ಎತ್ತಿಟ್ಟರೆ ಹುಳ ಬೀಳುತ್ತಿದ್ದ ಮನ್ನ ಆ ರಾತ್ರಿ ಮಾತ್ರ ಕೆಡಲಿಲ್ಲ. ನಮ್ಮ ಕೋಳಿಸಾರಿಗೆ ಅಂಥ ವರವಿಲ್ಲ, ಮೇ ತಿಂಗಳ ಮುಂಬೈಯಲ್ಲಂತೂ ಇಲ್ಲವೇ ಇಲ್ಲ. ಆದ್ದರಿಂದ ಏನು ಮಾಡಿಡಬೇಕು, ಏನು ಮಾಡಿಡಬಾರದು ಅನ್ನುವುದು ಗೊತ್ತಿರಬೇಕು.

ನಾಲ್ಕು ಜನರ ಮನೆಗೆ ಒಂದು ಕಿಲೋ ಕೋಳಿ ಎರಡು ಊಟಕ್ಕೆ ಸಾಕು. ಸುಕ್ಕ ಮಾಡುವುದಾದರೆ ಶನಿವಾರ ಮಸಾಲೆಯಲ್ಲಿ ಬೇಯಿಸಿ, ತೆಂಗಿನ ತುರಿ ಹಾಕುವ ಮೊದಲು ನಿಲ್ಲಿಸಿಬಿಡಿ. ತುರಿಯನ್ನು ಬೆಳ್ಳುಳ್ಳಿ–ಜೀರಿಗೆ ಹಾಕಿ ಹುರಿದು ಬೇರೆ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಭಾನುವಾರ ಕೋಳಿಯನ್ನು ಚೆನ್ನಾಗಿ ಕುದಿ ಬರಿಸಿ ತುರಿ ಬೆರೆಸಿದರೆ ಐದು ನಿಮಿಷದ ಕೆಲಸ. ತೆಂಗಿನಹಾಲು ಹಾಕಿದ ಗಸಿ ಬೇಗ ಹುಳಿ ಬರುತ್ತದೆ, ಬಿಸಿ ಮಾಡುವಾಗ ಒಡೆಯುತ್ತದೆ. ಗಸಿಯೇ ಬೇಕೆಂದರೆ ಹಾಲನ್ನು ಭಾನುವಾರವೇ ಸೇರಿಸಿ. ವಿನೆಗರ್ ಹಾಕಿದ ವಿಂದಾಲು ಈ ದಿನಕ್ಕೆಂದೇ ಹುಟ್ಟಿದ ಅಡುಗೆ: ಮೊದಲ ದಿನಕ್ಕಿಂತ ಎರಡನೇ ದಿನ ರುಚಿ.

ಮಾಡಿದ ಸಾರು ಪಾತ್ರೆಯಲ್ಲೇ ಆರಲಿ ಎಂದು ರಾತ್ರಿ ಮಲಗುವವರೆಗೆ ಒಲೆಯ ಮೇಲೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಸೆಖೆಗಾಲದಲ್ಲಿ ಒಂದು ಗಂಟೆ, ಉಳಿದ ಕಾಲದಲ್ಲಿ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಆಳದ ಪಾತ್ರೆಯ ನಡುವಿನ ಬಿಸಿ ಬೇಗ ಇಳಿಯುವುದಿಲ್ಲ, ಹಾಗಾಗಿ ಎರಡು ಅಗಲದ ಡಬ್ಬಿಗೆ ಹಂಚಿ ಇಡಿ. ಭಾನುವಾರ ಬೇಕಾದಷ್ಟನ್ನೇ ತೆಗೆದು ಕುದಿಸಿ, ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿ ಮಾಡಬೇಡಿ. ಅನ್ನವನ್ನು ಮಾತ್ರ ಮುಂಚೆ ಮಾಡಿಡುವುದು ಬೇಡ. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಲೋಟ ಅಕ್ಕಿ ತೊಳೆದು ಕುಕ್ಕರಿಗೆ ಹಾಕಲು ಮೂರು ನಿಮಿಷ ಸಾಕು, ಅದನ್ನು ಮನೆಯ ದೊಡ್ಡ ಮಗನಿಗೆ ಒಪ್ಪಿಸಿ.

ಕರಾವಳಿಯವರಿಗೆ ಇನ್ನೂ ಸುಲಭದ ದಾರಿ ಕೋರಿ ರೊಟ್ಟಿ. ಮಂಗಳೂರು ಸ್ಟೋರುಗಳಲ್ಲಿ ಗರಿಗರಿ ರೊಟ್ಟಿಯ ಪ್ಯಾಕೆಟ್ ಸಿಗುತ್ತದೆ. ಮುರಿದು ತಟ್ಟೆಗೆ ಹಾಕಿ ಮೇಲೆ ಸಾರು ಸುರಿದರೆ ಊಟವಾಯಿತು, ಅನ್ನವೂ ಬೇಡ. ಬೀದರ್, ಕಲಬುರಗಿ ಕಡೆಯಿಂದ ಬಂದವರ ಮನೆಗಳಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ತುಂಬ ಇದ್ದೇ ಇರುತ್ತದೆ, ಒಂದು ಬಟ್ಟಲು ಮೊಸರು ಸಾಕು.

ಬೆಳಗ್ಗಿನ ತಿಂಡಿಗೆ ಇಡ್ಲಿ. ಶುಕ್ರವಾರ ಸಂಜೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ ನೆನೆಸಿ ರಾತ್ರಿ ಹತ್ತಕ್ಕೆ ರುಬ್ಬಿ. ಮೇ ತಿಂಗಳಲ್ಲಿ ಏಳು ಗಂಟೆಯಲ್ಲಿ ಉಬ್ಬುತ್ತದೆ, ಡಿಸೆಂಬರಿನಲ್ಲಿ ಹನ್ನೆರಡು ಬೇಕು, ಪುಣೆಯ ಚಳಿಗೆ ಇನ್ನೂ ಎರಡು ಸೇರಿಸಿ. ಉಬ್ಬಿದ ಹಿಟ್ಟು ಫ್ರಿಜ್ಜಿಗೆ. ಶನಿವಾರ ನಾಲ್ಕಕ್ಕೆ ಇಪ್ಪತ್ತನಾಲ್ಕು ಇಡ್ಲಿ ಬೇಯಿಸಿ ಆರಿಸಿ ಫ್ರಿಜ್ಜಿನಲ್ಲಿ ಮುಚ್ಚಿಡಿ. ಭಾನುವಾರ ನೀರು ಚಿಮುಕಿಸಿ ನಾಲ್ಕೈದು ನಿಮಿಷ ಹಬೆಯಾಡಿಸಿದರೆ ಹೊಸದರಂತೆಯೇ. ರುಬ್ಬಲು ಆಗದಿದ್ದರೆ ಮಾಟುಂಗಾ ಅಂಗಡಿಗಳ ಹಿಟ್ಟು ತನ್ನಿ, ಪಾಪವೇನಲ್ಲ.

ಮೀನನ್ನು ಭಾನುವಾರದಿಂದ ತೆಗೆದುಬಿಡಿ. ಹೇಳುವುದು ಸುಲಭ, ಮನೆಯ ಯಜಮಾನರು ಒಪ್ಪುವುದು ಕಷ್ಟ, ಗೊತ್ತಿದೆ. ಆದರೆ ಮಾರ್ಕೆಟ್ಟಿನ ಸಾಲು, ಪೊರೆ ತೆಗೆಯುವುದು, ಎಣ್ಣೆ ಸಿಡಿದ ಕಟ್ಟೆ ಒರೆಸುವುದು, ಎಲ್ಲ ಸೇರಿದರೆ ಎರಡು ಗಂಟೆ. ಶನಿವಾರ ಮಧ್ಯಾಹ್ನ ಮೀನೂಟ ಮಾಡಿ, ವಾರದ ಆಸೆ ತೀರುತ್ತದೆ.

ಪಾತ್ರೆಯ ವಿಷಯಕ್ಕೆ ಒಂದೇ ನಿಯಮ: ತಿಂದವರು ತಮ್ಮ ತಟ್ಟೆ ತೊಳೆದಿಡಬೇಕು, ಅಪ್ಪನೂ. ಶನಿವಾರ ಆರಕ್ಕೆ ಸಿಂಕ್ ಖಾಲಿ ಇರಬೇಕು. ಬೇರೆ ಏನು ತಪ್ಪಿದರೂ ಇದು ತಪ್ಪಬಾರದು. ಕೊಳೆ ಪಾತ್ರೆಯ ರಾಶಿ ಕಣ್ಣಿಗೆ ಬೀಳುತ್ತಿದ್ದರೆ ಯಾವ ತಾಯಿಯೂ ಕಾಲು ಚಾಚಿ ಕೂರುವುದಿಲ್ಲ.

ಮನೆಗೆಲಸದ ಬಾಯಿಗೂ ರಜೆ

ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿಗೆ ಕೊಟ್ಟ ಕಾರಣವೇ ಬೇರೆ. ಅಲ್ಲಿ ಸೃಷ್ಟಿಯ ಮಾತಿಲ್ಲ, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೀನೂ ದಾಸನಾಗಿದ್ದೆ ಅನ್ನುವ ನೆನಪಿದೆ. ನಿನ್ನ ಹಾಗೆಯೇ ನಿನ್ನ ಆಳುಗಳಿಗೂ ವಿಶ್ರಾಂತಿ ಸಿಗಬೇಕು ಎಂದು ಬಿಡಿಸಿ ಹೇಳಿದೆ. ಪಾತ್ರೆ–ಕಸದ ಬಾಯಿಗೆ, ಅಂದರೆ ಮನೆಗೆಲಸದಾಕೆಗೆ, ಭಾನುವಾರ ಬರಬೇಡ ಅನ್ನಿ, ಸಂಬಳ ಕಡಿಯಬೇಡಿ. ಬದಲಿಗೆ ಸೋಮವಾರ ಎರಡರಷ್ಟು ಪಾತ್ರೆ ಹಾಕಿದರೆ ಅದು ರಜೆಯಲ್ಲ, ಸಾಲ. ಕೆಲವೇ ನಿಮಿಷಗಳಲ್ಲಿ ತಲುಪಿಸುವ ಡೆಲಿವರಿ ಆ್ಯಪಿನಲ್ಲಿ ಕೊತ್ತಂಬರಿ ತರಿಸುವಾಗಲೂ ಮಳೆಯಲ್ಲಿ ಬೈಕು ಓಡಿಸುವ ಹುಡುಗನ ನೆನಪಿರಲಿ. ನಿಷೇಧವೇನಲ್ಲ, ಆದರೆ ನಿಮ್ಮ ಬಿಡುವಿನ ದುಡಿಮೆ ಇನ್ನೊಬ್ಬರ ತಲೆಗೆ ಬೀಳುತ್ತಿದೆಯೇ ಎಂದು ನೋಡಿಕೊಳ್ಳುವುದು ಈ ದಿನದ ಅರ್ಧ ಪಾಠ.

ಉಳಿದ ಮನೆಗೆಲಸಕ್ಕೆ ವಾರದ ಹಂಚಿಕೆ ಹೀಗಿರಲಿ. ತರಕಾರಿ ಗುರುವಾರ ಸಂಜೆ. ಮಷಿನ್ ಗುರುವಾರ ರಾತ್ರಿ, ಯಾಕೆಂದರೆ ಜುಲೈ ತಿಂಗಳಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕು. ಯೂನಿಫಾರ್ಮ್ ಇಸ್ತ್ರಿಗೆ ಶನಿವಾರ ಬೆಳಿಗ್ಗೆ ಕೊಟ್ಟು ಸಂಜೆ ತರಬೇಕು. ನಲ್ಲಿ ನೀರು ಹೊತ್ತಿಗೆ ಬರುವ, ವಠಾರದಂಥ ಚಾಳುಗಳಲ್ಲಿ ಭಾನುವಾರವೂ ಯಾರಾದರೂ ಎದ್ದು ಡ್ರಮ್ ತುಂಬಲೇಬೇಕು. ಅದನ್ನು ಸರದಿಗೆ ಹಾಕಿ, ಒಬ್ಬರ ಹೆಸರಿಗೆ ಬರೆಯಬೇಡಿ.

ಚರ್ಚಿಗೆ ಹೋಗಿ ಬರುವುದು

ಮುಂಬೈಯ ಕನ್ನಡ ಕ್ರೈಸ್ತರಿಗೆ ಇರುವ ತೊಡಕು ಊರಿನವರಿಗೆ ಇಲ್ಲ. ಕನ್ನಡ ಆರಾಧನೆ ನಡೆಯುವ ಚರ್ಚು ಕೆಲವೇ, ಅವೂ ಮನೆಯಿಂದ ದೂರ. ಡೊಂಬಿವಲಿಯಿಂದ ದಕ್ಷಿಣ ಮುಂಬೈಗೆ ಹೋಗಿ ಬರುವಷ್ಟರಲ್ಲಿ ಮೂರು ಗಂಟೆ ದಾರಿಗೇ ಹೋಗುತ್ತದೆ. ಮೇಲೆ ಭಾನುವಾರದ ಮೆಗಾ ಬ್ಲಾಕ್. ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಹತ್ತು–ಹನ್ನೊಂದರಿಂದ ಮಧ್ಯಾಹ್ನ ಮೂರು–ನಾಲ್ಕರವರೆಗೆ ಹಳಿ ದುರಸ್ತಿ ಇರುತ್ತದೆ, ವೆಸ್ಟರ್ನಿನವರು ಇದನ್ನೇ ಜಂಬೋ ಬ್ಲಾಕ್ ಅನ್ನುತ್ತಾರೆ. ಹೋಗುವಾಗ ಸಿಕ್ಕುವ ಗಾಡಿ ಬರುವಾಗ ಸಿಕ್ಕುವುದಿಲ್ಲ. ಬ್ಲಾಕ್ ಎಲ್ಲಿಂದ ಎಲ್ಲಿಗೆ ಅನ್ನುವುದು ಒಂದೆರಡು ದಿನ ಮೊದಲೇ ಪೇಪರಿನಲ್ಲಿ, ಎಂ–ಇಂಡಿಕೇಟರ್ ಆ್ಯಪಿನಲ್ಲಿ ಬಂದಿರುತ್ತದೆ. ಶನಿವಾರ ಐದಕ್ಕೆ ನೋಡಿ, ಫೋನ್ ಎತ್ತಿಡುವ ಮೊದಲು.

ನಮ್ಮ ಸಲಹೆ ಇದು. ಕರ್ತನ ಭೋಜನವಿರುವ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ) ಭಾನುವಾರ ಕನ್ನಡ ಚರ್ಚಿಗೇ ಹೋಗಿ. ಡಬ್ಬಿ ಕಟ್ಟಿಕೊಂಡು ಹೋಗಿ, ಬ್ಲಾಕ್ ಮುಗಿಯುವವರೆಗೆ ಅಲ್ಲೇ ಇದ್ದುಬಿಡಿ, ಬಂಧುಗಳೊಂದಿಗೆ ಹಂಚಿಕೊಂಡು ಉಣ್ಣಿ. ಅದೇ ಆ ದಿನದ ವಿಶ್ರಾಂತಿ. ಸಣ್ಣ ಮಕ್ಕಳಿದ್ದರೆ ಉಳಿದ ಭಾನುವಾರಗಳಲ್ಲಿ ಹತ್ತಿರದ ಮರಾಠಿಯೋ ಇಂಗ್ಲಿಷೋ ಆರಾಧನೆಗೆ ಹೋಗಿ ಬಂದು ಸಂಜೆ ಮನೆಯಲ್ಲಿ ಕನ್ನಡ ಕೀರ್ತನೆ ಹಾಡಿ. ಮಕ್ಕಳಿಗೆ ಭಾಷೆ ತಪ್ಪುತ್ತದೆ ಎಂದು ಹಿರಿಯರು ಗೊಣಗುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಆದ್ದರಿಂದ ತಿಂಗಳಿಗೆ ಒಂದಕ್ಕಿಂತ ಕಡಿಮೆ ಮಾಡಬೇಡಿ. ಕಥೋಲಿಕ ಮನೆಗಳಿಗೆ ಇನ್ನೊಂದು ಅನುಕೂಲವಿದೆ: ಶನಿವಾರ ಸಂಜೆಯ ಪೂಜೆ ಭಾನುವಾರದ ಕಡ್ಡಾಯಕ್ಕೆ ಸಲ್ಲುತ್ತದೆ.

ಚರ್ಚೇ ಕೆಲಸವಾಗಿಬಿಡುವುದು ಇನ್ನೊಂದು ಅಪಾಯ. ಅಪ್ಪ ಕಮಿಟಿ, ಅಮ್ಮ ಸ್ತ್ರೀ ಸಮಾಜ ಮತ್ತು ಸಂಡೇ ಸ್ಕೂಲ್, ಮಗಳು ಕಾಯಿರ್, ಮಗ ಗಿಟಾರ್. ಆರಾಧನೆ ಮುಗಿದ ಮೇಲೆ ಇನ್ನೂ ಎರಡು ಗಂಟೆ ಮೀಟಿಂಗ್. ತಲೆಗೊಂದೇ ಜವಾಬ್ದಾರಿ ಎಂದು ಮನೆಯಲ್ಲಿ ತೀರ್ಮಾನಿಸಿ, ಪ್ರಾಕ್ಟೀಸ್ ಶುಕ್ರವಾರಕ್ಕೆ ಹಾಕಲು ಕೇಳಿ. ಸಭೆಯ ಪಾಲಕರಾದ ಅಯ್ಯನವರಿಗೆ ಮಾತ್ರ ಭಾನುವಾರ ದುಡಿಮೆಯ ದಿನವೇ, ಅವರ ಸಂಸಾರಕ್ಕೆ ಸೋಮವಾರ ಬಿಟ್ಟುಕೊಡಿ, ಆ ದಿನ ಫೋನ್ ಮಾಡಬೇಡಿ.

ಫೋನ್, ಆಫೀಸು, ನೆಂಟರು

ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು, ಫೋನುಗಳೆಲ್ಲ ಅದರೊಳಗೆ. ಊರಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಪೂರ್ತಿ ಸ್ವಿಚ್ ಆಫ್ ಮಾಡಲು ಧೈರ್ಯ ಬರುವುದಿಲ್ಲ, ಬರಲೂಬಾರದು. ಡು ನಾಟ್ ಡಿಸ್ಟರ್ಬ್ ಹಾಕಿ, ಮೆಚ್ಚಿನ ನಂಬರುಗಳಿಗೆ ಅನುಮತಿ ಕೊಡಿ, ಮತ್ತೆ ಮತ್ತೆ ಕರೆ ಮಾಡುವವರಿಗೆ ದಾರಿ ಬಿಡುವ ಆಯ್ಕೆಯನ್ನೂ ಆನ್ ಮಾಡಿ. ಆಗ ಆಂಡ್ರಾಯ್ಡಿನಲ್ಲಿ ಹದಿನೈದು ನಿಮಿಷದೊಳಗೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ರಿಂಗ್ ಆಗುತ್ತದೆ. ಊರಿನವರಿಗೆ ಹೇಳಿಡಿ: ಅರ್ಜೆಂಟ್ ಇದ್ದರೆ ಒಮ್ಮೆ ಕಟ್ ಮಾಡಿ ಕೂಡಲೇ ಮತ್ತೆ ಮಾಡಿ.

ಆಫೀಸಿಗೆ ಶುಕ್ರವಾರ ನಾಲ್ಕಕ್ಕೆ ಒಂದು ಸಾಲು: ಶನಿವಾರ ಆರರಿಂದ ಭಾನುವಾರ ಆರರವರೆಗೆ ಸಿಗುವುದಿಲ್ಲ, ಆರರ ಮೇಲೆ ನೋಡುತ್ತೇನೆ. ಕಾರಣ ಕೊಡಬೇಕಾಗಿಲ್ಲ. ಕೇಳಲು ಸಂಕೋಚವಾದರೆ ಒಂದು ನೆನಪಿರಲಿ. ಮುಂಬೈಯ ಗಿರಣಿಗಳಿಗೆ ಭಾನುವಾರದ ರಜೆ ತಾನಾಗಿ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಕೇಳಿ ಕೇಳಿ 1890ರಲ್ಲಿ ಸಿಕ್ಕಿದ್ದು. ಅವರು ಕ್ರೈಸ್ತರೂ ಅಲ್ಲ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು.

ನೆಂಟರು ಮತ್ತು ಅಕ್ಕಪಕ್ಕದವರ ವಿಷಯದಲ್ಲಿ ವಾರವಾರ ನೆಪ ಹೇಳುವುದಕ್ಕಿಂತ ಒಮ್ಮೆ ಹೇಳಿಬಿಡುವುದು ಒಳ್ಳೆಯದು. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು ಎಂಬ ಯೆಹೂದಿಗಳು ಎಣ್ಣೆ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ ಎಂದು ಸುತ್ತಲಿನವರು ಅವರಿಗೆ ‘ಶನಿವಾರ ತೇಲಿ’, ಶನಿವಾರದ ಗಾಣಿಗರು, ಅನ್ನುವ ಹೆಸರನ್ನೇ ಇಟ್ಟರು. ನಿಮ್ಮ ಬಿಲ್ಡಿಂಗಿನವರಿಗೂ ಆರು ತಿಂಗಳಲ್ಲಿ ರೂಢಿಯಾಗುತ್ತದೆ. ಸೊಸೈಟಿಯ ವಾರ್ಷಿಕ ಸಭೆ, ಕನ್ನಡ ಸಂಘದ ಕಾರ್ಯಕ್ರಮ, ನಿಶ್ಚಿತಾರ್ಥ, ರೋಸ್ (ಮದುವೆಯ ಮುಂಚಿನ ತೆಂಗಿನಹಾಲಿನ ಶಾಸ್ತ್ರ), ಮುಂಬೈಯಲ್ಲಿ ಎಲ್ಲವೂ ಭಾನುವಾರವೇ. ತಿಂಗಳಿಗೆ ಒಂದಕ್ಕೆ ಒಪ್ಪಿಕೊಳ್ಳಿ, ಎರಡನೆಯದಕ್ಕೆ ಆರರ ಮೇಲೆ ಹೋಗಿ ಶುಭ ಹೇಳಿ ಬನ್ನಿ.

ಆರಂಭ, ಮಕ್ಕಳು, ಶಿಫ್ಟಿನವರು

ಶನಿವಾರ ಆರಕ್ಕೆ ದೀಪ ಹಚ್ಚಿ 92ನೇ ಕೀರ್ತನೆ ಓದಿ. ಸಬ್ಬತ್ ದಿನದ ಹಾಡು ಎಂದು ಅದರ ತಲೆಬರಹದಲ್ಲೇ ಇದೆ. ಒಂದು ಹಾಡು, ಒಬ್ಬೊಬ್ಬರಿಂದ ಒಂದು ಸ್ತೋತ್ರದ ಮಾತು, ಹತ್ತು ನಿಮಿಷಕ್ಕೆ ಮುಗಿಸಿ. ಅಜ್ಜ ಇದ್ದ ಮನೆಯಲ್ಲಿ ಪ್ರಾರ್ಥನೆ ಉದ್ದವಾಗುತ್ತದೆ, ಆಗ ಊಟ ಮೊದಲಿಟ್ಟುಕೊಳ್ಳಿ.

ಮಕ್ಕಳಿಗೆ ಬೇಡಗಳ ಪಟ್ಟಿ ಕೊಡಬೇಡಿ. ಯೆಹೂದಿ ಪಂಡಿತರು ನಿಷಿದ್ಧ ಕೆಲಸಗಳನ್ನು ಮೂವತ್ತೊಂಬತ್ತು ಬಗೆಯಾಗಿ ವಿಂಗಡಿಸಿದ್ದರು. ನಮಗೆ ಮಾರ್ಕ 2:27 ಇದೆ, ಸಬ್ಬತ್ತು ಇರುವುದು ಮನುಷ್ಯನಿಗಾಗಿ. ವಾರಕ್ಕೊಬ್ಬರು ಮಧ್ಯಾಹ್ನದ ಆಟವನ್ನೋ ತಿರುಗಾಟವನ್ನೋ ಆರಿಸಲಿ: ಕೇರಂ, ಕೆರೆಯ ದಂಡೆ, ಸುಮ್ಮನೆ ಗ್ಯಾಲರಿಯಲ್ಲಿ ಕೂತು ಮಳೆ ನೋಡುವುದು. ಮಾಲ್ ಬೇಡ, ವಾಪಸು ಬರುವಾಗ ಎಲ್ಲರೂ ಸುಸ್ತು. ಹತ್ತನೇ, ಹನ್ನೆರಡನೇ ತರಗತಿಯ ವರ್ಷ ಕೋಚಿಂಗಿನವರು ಭಾನುವಾರವೇ ಟೆಸ್ಟ್ ಇಡುತ್ತಾರೆ. ಆ ಒಂದು ವರ್ಷ ಮಗುವಿನ ಬಿಡುವನ್ನು ಶನಿವಾರ ಆರರಿಂದ ಭಾನುವಾರ ಟೆಸ್ಟಿನ ಹೊತ್ತಿನವರೆಗೆ ಕುಗ್ಗಿಸಿ, ಪೂರ್ತಿ ತೆಗೆಯಬೇಡಿ. ಟೆಸ್ಟಿನ ಹಿಂದಿನ ರಾತ್ರಿ ನಿದ್ದೆ ಮಾಡಿದ ಮಗುವಿಗೆ ಅದರಿಂದ ನಷ್ಟವೇನಿಲ್ಲ.

ನರ್ಸು, ಹೋಟೆಲು, ರೈಲ್ವೆ, ಕಾಲ್ ಸೆಂಟರಿನವರಿಗೆ ಭಾನುವಾರ ಕೈಗೆ ಸಿಗದು. ಬಾವಿಗೆ ಬಿದ್ದ ಎತ್ತನ್ನು ಎಳೆಯುವುದಕ್ಕೆ ಲೂಕ 14ರಲ್ಲೇ ಅನುಮತಿಯಿದೆ, ಆಸ್ಪತ್ರೆಯ ವಾರ್ಡು ಅದಕ್ಕಿಂತ ಕಡಿಮೆಯದಲ್ಲ. ರೋಸ್ಟರ್ ಬಂದ ದಿನವೇ ಎರಡು ಡ್ಯೂಟಿಗಳ ನಡುವಿನ ಅತಿ ಉದ್ದದ ಬಿಡುವಿಗೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ಇಡೀ ಸಂಸಾರ ಸೇರುವುದು ಅದರಲ್ಲಿ ನಾಲ್ಕೇ ಗಂಟೆಯಾದರೂ ಆ ನಾಲ್ಕರಲ್ಲಿ ಮೇಲಿನ ಎಲ್ಲವೂ ನಡೆಯಲಿ: ದೀಪ, ಕೀರ್ತನೆ, ಮಾಡಿಟ್ಟ ಊಟ. ನೈಟ್ ಶಿಫ್ಟ್ ಮುಗಿಸಿ ಭಾನುವಾರ ಎಂಟಕ್ಕೆ ಮನೆಗೆ ಬಂದವರನ್ನು ಒಂಬತ್ತರ ಆರಾಧನೆಗೆ ಎಬ್ಬಿಸಿಕೊಂಡು ಹೋಗಬೇಡಿ, ಅವರಿಗೆ ಮಲಗುವುದೇ ಅಂದಿನ ವಿಧಿ.

ಭಾನುವಾರ ಆರಕ್ಕೆ ಒಂದು ಸಣ್ಣ ಪ್ರಾರ್ಥನೆ, ಡಬ್ಬಿಯಿಂದ ಫೋನು ಹೊರಗೆ. ಆಮೇಲೆ ನಲವತ್ತು ನಿಮಿಷ ಎಲ್ಲರೂ ಒಟ್ಟಿಗೆ ಸೋಮವಾರಕ್ಕೆ ಕೈ ಹಚ್ಚಬೇಕು: ಬ್ಯಾಗು, ಡೈರಿ, ಬೂಟು, ನಾಳೆಯ ಪಲ್ಯಕ್ಕೆ ಬೀನ್ಸ್. ರಾತ್ರಿಗೆ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ.